ಮೊದಲು ರಾಳ

ಕರಗಿದ ಸೀಸ ಈ ಸಲವೂ ತಾಮ್ರಕ್ಕೆ ಅಂಟಲಿಲ್ಲ. ಗುಂಡಗೆ ಹನಿಯಾಗಿ ಉರುಳಿ ಮೇಜಿನ ಮೇಲೆ ಬಿತ್ತು, ಅಲ್ಲಿಂದ ನೆಲಕ್ಕೆ ಹಾರಿತು. ಮೇಘಾ ಸೋಲ್ಡರಿಂಗ್ ಕಡ್ಡಿಯನ್ನು ಅದರ ತಂತಿಯ ಸ್ಟ್ಯಾಂಡಿಗೆ ಒರಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಸತ್ತು ಇನ್ನೂ ಒಂದು ಹಗಲು ಕಳೆದಿರಲಿಲ್ಲ.

ಅವಳು ಕೂತದ್ದು ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅಂಗಡಿ ಎಂದರೆ ಮನೆಯದೇ ಮುಂದಿನ ಕೋಣೆ. ಗೋಡೆಯ ಆಚೆ ಪಡಸಾಲೆಯಲ್ಲಿ ಅಪ್ಪ ಧೂಳಪ್ಪನನ್ನು ಕೂಡಿಸಿದ್ದರು. ತಲೆಗೆ ಹೊಸ ರುಮಾಲು ಸುತ್ತಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಬೀಳದ ಹಾಗೆ ಎದೆಗೊಂದು ಧೋತರ ಕಟ್ಟಿ ಗೋಡೆಗೆ ಒರಗಿಸಿದ್ದರು. ಬದುಕಿದ್ದಾಗ ಆ ಮನುಷ್ಯ ಒಂದು ದಿನವೂ ಇಷ್ಟು ನೆಟ್ಟಗೆ ಕೂತವನಲ್ಲ. ಜನ್ಮವಿಡೀ ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿಹೋಗಿತ್ತು. ಸತ್ತ ಮೇಲೆ ನಾಲ್ಕು ಜನ ಸೇರಿ ಒತ್ತಿ ಅದನ್ನು ನೆಟ್ಟಗೆ ಮಾಡಿದ್ದರು.

ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದದ್ದು ಅವ್ವನ ಕಿವಿಯ ಮಶೀನು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಹೋಗುವ ಒಂದು ವಾಯರು. ಮೇಘಾ ಹುಟ್ಟಿದ ಮೇಲೆ ಬಂದ ಜ್ವರದಲ್ಲಿ ರೇಣವ್ವನ ಕಿವಿ ಹೋಗಿದ್ದವು. ಈ ಡಬ್ಬಿಯನ್ನು ಕುಪ್ಪಸಕ್ಕೆ ಸಿಗಿಸಿಕೊಂಡರೇ ಅವಳಿಗೆ ಜಗತ್ತು ಕೇಳುತ್ತಿತ್ತು. ಮಗ ರಾಜರತ್ನ ಬ್ಯಾಂಕಿನಲ್ಲಿ ನೌಕರಿ ಹಿಡಿದ ಮೇಲೆ ಕಿವಿಯ ಹಿಂದೆ ಕೂರುವ ಹೊಸದೊಂದು ತಂದಿದ್ದ. ಅದನ್ನು ಬಬಲೇಶ್ವರದ ಮದುವೆಯೊಂದರ ಗದ್ದಲದಲ್ಲಿ ಕಳೆದುಕೊಂಡು ಬಂದ ರೇಣವ್ವ ಮತ್ತೆ ಹಳೆಯದನ್ನೇ ಹಾಕಿಕೊಂಡಳು. ಅದು ಹಾಳಾದಾಗಲೆಲ್ಲ ಗಂಡ ರಿಪೇರಿ ಮಾಡುತ್ತಿದ್ದ. ಇವತ್ತು ಬೆಳಿಗ್ಗೆ ಅದೇ ಗಂಡನ ಮೇಲೆ ಬಿದ್ದು ಅತ್ತಾಗ ಡಬ್ಬಿ ಮಂಚದ ಅಂಚಿಗೆ ಬಡಿದು ಒಳಗಿನ ತಂತಿ ಕಿತ್ತುಕೊಂಡಿತ್ತು.

ಆಗಿನಿಂದ ರೇಣವ್ವ ಹೆಣದ ಪಕ್ಕದಲ್ಲಿ ಕೂತು ಬಂದವರೆಲ್ಲರ ಬಾಯಿ ನೋಡುತ್ತಿದ್ದಳು. ಗಂಡನ ಊರು ಟಿಕೋಟಾದಿಂದ ಬಂದವರು, ಬಬಲೇಶ್ವರದಿಂದ ಬಂದ ಅವಳ ತವರಿನವರು, ಓಣಿಯವರು ಎಲ್ಲರೂ ಧೂಳಪ್ಪನ ಬಗ್ಗೆ ಏನಾದರೊಂದು ಹೇಳುತ್ತಿದ್ದರು. ಅವಳ ತಂಗಿ ಹಾಡಿ ಹಾಡಿ ಅಳುತ್ತಿದ್ದಳು. ರೇಣವ್ವ ಪಕ್ಕದವರ ತೊಡೆ ಹಿಡಿದು ಏನಂದರು, ಏನಂದರು ಎಂದು ಕೇಳುತ್ತಿದ್ದಳು. ಹೆಣದ ಮುಂದೆ ಯಾರು ಕೂಗಿ ಹೇಳಿಯಾರು? ಕೊನೆಗೆ ಅವಳು ಡಬ್ಬಿಯನ್ನು ಕಳಚಿ ಮಗಳ ಕೈಗೆ ಇಟ್ಟಿದ್ದಳು.

"ಇದನ್ನ ಸುದ್ದ ಮಾಡಿ ಕೊಡು. ಮಂದಿ ಅವರ ಬಗ್ಗಿ ಏನ್ ಮಾತಾಡ್ತಾರ, ನಾ ಕೇಳಬೇಕು. ಒಯ್ಯೂದ್ರಾಗ ಮಾಡು."

ಹೀಗಾಗಿ ಟಿಕೋಟಾದ ಶಾಲೆಯಲ್ಲಿ ಗಣಿತ ಹೇಳುವ ಮೇಘಾ, ಎಷ್ಟೋ ವರ್ಷದಿಂದ ಈ ಕಡ್ಡಿಯನ್ನು ಮುಟ್ಟದವಳು, ಅಪ್ಪನ ಸ್ಟೂಲಿನ ಮೇಲೆ ಕೂತಿದ್ದಳು.

ರಾಜರತ್ನ ಒಳಗೆ ಬಂದ. ಕಣ್ಣು ಕೆಂಪಾಗಿದ್ದವು. ಕುಣಿ ತೋಡುವುದು ಮುಗಿದಿದೆಯಂತೆ, ಭಜನೆಯವರು ಬಂದಿದ್ದಾರೆ, ಹೊತ್ತು ಇಳಿಯುವುದರೊಳಗೆ ಎತ್ತಬೇಕು ಎಂದು ಹೇಳಿದ. ಮಶೀನಿನ ಚಿಂತೆ ಈಗ ಬೇಡ, ನಾಳೆಯೇ ಹೋಗಿ ಹೊಸದು ತರುತ್ತೇನೆ ಎಂದ.

"ನಾಳೆ ತಂದು, ಆಕಿ ಏನ್ ಕೇಳಬೇಕೋ?" ಎಂದಳು ಮೇಘಾ.

ಅವನು ಮಂಕಾಗಿದ್ದ ದೀಪವನ್ನು ನೋಡಿ, ಕಿಸೆಯಿಂದ ಮೊಬೈಲು ತೆಗೆದು ಅದರ ಬೆಳಕನ್ನು ಡಬ್ಬಿಯ ಮೇಲೆ ಹಿಡಿದ.

ಅಷ್ಟರಲ್ಲಿ ಬಾಗಿಲಲ್ಲಿ ಶಂಕ್ರೆಪ್ಪ ಕಾಕಾ ನಿಂತಿದ್ದ. ಧೂಳಪ್ಪನ ದೊಡ್ಡಪ್ಪನ ಮಗ, ಟಿಕೋಟಾದವನು, ಸಾವಿನ ಮನೆಯ ರೀತಿ ರಿವಾಜೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಹೆಣ ಮನೆಯಲ್ಲಿರುವ ತನಕ ಒಲೆ ಹಚ್ಚಬಾರದು, ಚಹಾ ಕೂಡ ಪಕ್ಕದ ಮನೆಯಿಂದ ಬರಬೇಕು, ಅಂಥಾದ್ದರಲ್ಲಿ ನೀವು ಕಾವು ಹಚ್ಚಿ ಕೂತಿದ್ದೀರಲ್ಲ ಎಂದು ಶುರುಮಾಡಿದ. ಇದು ಕರೆಂಟು, ಉರಿ ಅಲ್ಲ ಎಂದ ರಾಜರತ್ನ. ಕಾವು ಅಂದರೆ ಕಾವೇ ಎಂದ ಶಂಕ್ರೆಪ್ಪ. ವಾದ ಬೆಳೆದಿದ್ದರೆ ಹೆಣ ಎತ್ತುವ ಹೊತ್ತು ಅದರಲ್ಲೇ ಕಳೆಯುತ್ತಿತ್ತು. ಮೇಘಾ ತಿರುಗದೆಯೇ ಹೇಳಿದಳು:

"ಕಾಕಾ, ಅವ್ವನ ಬಾಜೂಕ ಒಂದೀಟು ಕುಂತು ಬಾ. ಆಮ್ಯಾಲ ನೀ ಬ್ಯಾಡ ಅಂದ್ರ ಬಂದ್ ಮಾಡ್ತೀನಿ."

ಶಂಕ್ರೆಪ್ಪ ಗೊಣಗುತ್ತ ಹೋದ. ತುಸು ಹೊತ್ತಿಗೆ ಮರಳಿ ಬಂದು ಅಂಗಡಿಯ ಹೊಸ್ತಿಲ ಮೇಲೆ ಹೊರಗೆ ಮುಖ ಮಾಡಿ ಕೂತುಬಿಟ್ಟ. ನಾನು ಇಲ್ಲಿರುತ್ತೇನೆ, ಯಾರೂ ಒಳಗೆ ಬರುವುದಿಲ್ಲ, ಲಗೂ ಮುಗಿಸು ಎಂದ.

ಆದರೆ ಅಲ್ಲಾಉದ್ದೀನನನ್ನು ತಡೆಯುವ ಧೈರ್ಯ ಅವನಿಗೂ ಇರಲಿಲ್ಲ. ಧೂಳಪ್ಪನ ಜೀವದ ಗೆಳೆಯ. ಗೋಳಗುಮ್ಮಟದ ಹತ್ತಿರ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನದವನು. ಸುದ್ದಿ ಕೇಳಿದ ಕೂಡಲೇ ಕೆಲಸ ಬಿಟ್ಟು ಮಸಿ ಕೈಯಲ್ಲೇ ಓಡಿಬಂದಿದ್ದ. ಸೀಸ ಹಿಡಿಯುತ್ತಿಲ್ಲ ಎಂಬುದು ಗೊತ್ತಾದದ್ದೇ ಕೋಟಿನ ಕಿಸೆಯಿಂದ ಪೊಟ್ಟಣವೊಂದನ್ನು ತೆಗೆದ.

"ಒಂದ ಚಿಟಿಕಿ ನವಸಾಗರ ಹಾಕವ್ವಾ. ಗಪ್ಪನ ಹಿಡೀತೈತಿ."

"ಹಾಕೇಬಿಡು. ಇವತ್ತೊಂದ ದಿನ ನಡದ್ರ ಸಾಕು," ಎಂದ ರಾಜರತ್ನ.

ಮೇಘಾ ಪೊಟ್ಟಣವನ್ನು ನೋಡಿದಳು. ಆಮೇಲೆ ಅಲ್ಲಾಉದ್ದೀನನ ಮುಖ ನೋಡಿದಳು. "ಚಾಚಾ, ಅಪ್ಪ ಇಲ್ಲೇ ಕುಂತಾನ. ಅವನ ಮುಂದ ಬಬಲೇಶ್ವರ ಮಾಡ್ಲೇನು?"

ಮುದುಕನ ಕೈ ಅಲ್ಲಿಯೇ ನಿಂತಿತು. ಪೊಟ್ಟಣ ಮತ್ತೆ ಕಿಸೆಗೆ ಹೋಯಿತು. ಅಳುವ ಮುಖದಲ್ಲೇ ಅವನಿಗೆ ನಗು ಬಂದುಬಿಟ್ಟಿತು.

*

ಅದು ಬಹಳ ಹಿಂದಿನ ಮಾತು. ಧೂಳಪ್ಪ ಆಗ ಅಲ್ಲಾಉದ್ದೀನನ ಅಪ್ಪನ ಅಂಗಡಿಯಲ್ಲಿ ಬೆಂಕಿಗೆ ಗಾಳಿ ಹಾಕುವ ತಿದಿ ಒತ್ತುತ್ತಿದ್ದ. ಹೊಸದಾಗಿ ಮದುವೆಯಾಗಿತ್ತು. ಕಲಾಯಿಯ ಕೆಲಸದಲ್ಲಿ ನವಸಾಗರವೆಂದರೆ ಪ್ರಾಣ. ಕಾದ ಪಾತ್ರೆಗೆ ಆ ಬಿಳಿ ಪುಡಿ ಎರಚಿದರೆ ಬುಸ್ಸೆಂದು ಹೊಗೆ ಎದ್ದು ಕಿಲುಬೆಲ್ಲ ಹೋಗುತ್ತದೆ, ಕರಗಿದ ತವರದ ಲೋಹ ಬೆಣ್ಣೆಯ ಹಾಗೆ ಹರಡಿಕೊಳ್ಳುತ್ತದೆ. ಕೆಲಸ ಬಿಟ್ಟ ಹೊತ್ತಿನಲ್ಲಿ ಅವನು ಹಾಳಾದ ರೇಡಿಯೋಗಳನ್ನು ಬಿಚ್ಚಿ ಜೋಡಿಸಿ ತಾನೇ ಕಲಿಯುತ್ತಿದ್ದ. ಬಬಲೇಶ್ವರದಲ್ಲಿ ಮಾವನ ರೇಡಿಯೋ ಕೆಟ್ಟಿದೆ ಎಂಬ ಸುದ್ದಿ ಬಂದಾಗ ಹೊಸ ಅಳಿಯ ಸುಮ್ಮನೆ ಇರುತ್ತಾನೆಯೇ?

ಹೋದ, ಬಿಚ್ಚಿದ, ಬಿಟ್ಟುಹೋದ ತಂತಿಗಳಿಗೆಲ್ಲ ನವಸಾಗರ ಹಾಕಿ ಬೆಸೆದ. ಸೀಸ ಎಷ್ಟು ಚೆಂದ ಹಿಡಿಯಿತೆಂದರೆ ಅವನಿಗೇ ಆಶ್ಚರ್ಯವಾಯಿತು. ರೇಡಿಯೋ ಧಾರವಾಡವನ್ನು ಹಿಡಿದು ಹಾಡತೊಡಗಿತು. ಮಾವ ಅರ್ಧ ಓಣಿಯನ್ನು ಕರೆದು ತೋರಿಸಿದ. ಅತ್ತೆ ಹೋಳಿಗೆ ಮಾಡಿದಳು. ರೇಣವ್ವ ಬಾಗಿಲ ಸಂದಿಯಿಂದ ನೋಡಿ ಹೆಮ್ಮೆಯಿಂದ ಬೀಗಿದಳು.

ಮುಂದಿನ ಹಬ್ಬದ ಹೊತ್ತಿಗೆ ರೇಡಿಯೋ ಮೂಕಾಯಿತು. ಮಾವ ಅದನ್ನು ಟಾವೆಲ್ಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದವನು ಕಲಾಯಿ ಅಂಗಡಿಯ ಮುಂದೆ ಗಂಟು ಬಿಚ್ಚಿದ. ಒಳಗೆಲ್ಲ ಹಸಿರೋ ಹಸಿರು. ತಂತಿಗಳನ್ನು ಮುಟ್ಟಿದರೆ ಪುಡಿಯಾಗುತ್ತಿದ್ದವು.

"ಅಳ್ಯಾರ, ಇದರಾಗ ಏನ್ ಬೆಳಿ ತಗದೀರಿ ನೋಡ್ರಿ," ಎಂದನಂತೆ ಮಾವ. "ಹಿಂಗಾರಿನೋ, ಮುಂಗಾರಿನೋ?"

ಸ್ಟೇಷನ್ ರಸ್ತೆಯಲ್ಲಿದ್ದ ಹಳೆಯ ಮೆಕ್ಯಾನಿಕನೊಬ್ಬ ಅದನ್ನು ನೋಡಿ ತಲೆ ಚಚ್ಚಿಕೊಂಡ. ಪಾತ್ರೆಯನ್ನು ತೊಳೆಯುತ್ತಾರೆ, ನವಸಾಗರ ಹೋಗಿಬಿಡುತ್ತದೆ. ರೇಡಿಯೋವನ್ನು ಯಾರು ತೊಳೆಯುತ್ತಾರೆ? ಅದು ಒಳಗೇ ಕೂತು ಗಾಳಿಯ ತೇವ ಹೀರಿ ಹೀರಿ ತಾಮ್ರವನ್ನು ತಿನ್ನುತ್ತದೆ. ಎಲೆಕ್ಟ್ರಿಕ್ ತಂತಿಗೆ ರಾಳ ಒಂದೇ, ಬೇರೆ ಯಾವುದೂ ಅಲ್ಲ ಎಂದ. ಧೂಳಪ್ಪ ಅಂದೇ ಗ್ರಂಥಿಗೆ ಅಂಗಡಿಗೆ ಹೋಗಿ ರಾಳ ತಂದು ಕುಟ್ಟಿ ಸ್ಪಿರಿಟ್ಟಿನಲ್ಲಿ ಕರಗಿಸಿಕೊಂಡ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಅವಸರಕ್ಕೆ ಮಾಡಿದ, ಹೊರಗೆ ಹೊಳೆದು ಒಳಗೆ ಕೊಳೆಯುವ ಕೆಲಸಕ್ಕೆಲ್ಲ ಒಂದೇ ಹೆಸರು. ಮಕ್ಕಳು ಹೋಮ್‌ವರ್ಕನ್ನು ಕಾಪಿ ಹೊಡೆದರೂ ಬಬಲೇಶ್ವರ, ರೇಣವ್ವ ಅರೆಬೆಂದ ಬೇಳೆಗೆ ಒಗ್ಗರಣೆ ಕೊಟ್ಟರೂ ಬಬಲೇಶ್ವರ. ತವರನ್ನು ಹಾಗೆ ಬಳಸಿದ್ದಕ್ಕೆ ರೇಣವ್ವ ಕಡೆಯ ತನಕ ಗಂಡನನ್ನು ಕ್ಷಮಿಸಲಿಲ್ಲ.

*

ಮೇಘಾ ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡಳು. ತಾನು ಮಾಡುತ್ತಿದ್ದ ತಪ್ಪು ಈಗ ಅವಳಿಗೆ ಹೊಳೆಯಿತು. ಅವಸರದಲ್ಲಿ ಬರೀ ಕಾವು ಕೊಡುತ್ತ ಕೂತಿದ್ದಳು, ಅಪ್ಪ ಕಲಿಸಿದ್ದನ್ನು ತಲೆಕೆಳಗು ಮಾಡಿ.

"ಮದಲ ತಿಕ್ಕು. ಆಮ್ಯಾಲ ರಾಳ. ಆಮ್ಯಾಲ ಕಾವು. ಸೀಸ ಕಡೀಕ," ಎನ್ನುತ್ತಿದ್ದ ಅವನು. ಹೈಸ್ಕೂಲಿನಿಂದ ಬಂದವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಾಮ್ರದ ಮೇಲಿನ ಕರಿ ಪೊರೆಯನ್ನು ಉಗುರಿನಿಂದ ತೋರಿಸಿ ಹೇಳುತ್ತಿದ್ದ. "ಮೈಲಿಗಿ ಅಂತ ಜಗತ್ತಿನ್ಯಾಗ ಏನರ ಇದ್ರ ಇದ ನೋಡವ್ವಾ. ತಾಮ್ರಕ್ಕ ಗಾಳಿ ಬಡದು ಕುಂತದ್ದು. ಇದು ಇರೂತನಾ ಸೀಸ ಹತ್ರ ಬರೂದಿಲ್ಲ. ಮನಿಷ್ಯಾಗ ಅದೆಲ್ಲಾ ಇಲ್ಲ." ಟಿಕೋಟಾದ ಹೋಟೆಲುಗಳ ಹೊರಗೆ ನಿಂತು, ತನಗಾಗಿ ಬೇರೆ ಇಟ್ಟ ಕಪ್ಪಿನಲ್ಲಿ ಚಹಾ ಕುಡಿದು ದೊಡ್ಡವನಾದವನು ಅವನು. ಆ ಮಾತನ್ನು ಅವನು ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಪಾಠದ ಹಾಗೆ ಹೇಳುತ್ತಿದ್ದ. ಆ ಹೋಟೆಲಿನವರೂ ಆಮೇಲೆ ತಮ್ಮ ರೇಡಿಯೋ ಹೊತ್ತುಕೊಂಡು ಇದೇ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಅವರಿಗೂ ಅವನು ಚಹಾ ತರಿಸಿಕೊಡುತ್ತಿದ್ದ.

ಮೇಘಾ ಬ್ಲೇಡಿನ ತುದಿಯಿಂದ ಹಸಿರು ಕಿಲುಬನ್ನು ಕೆರೆದಳು. ಎದೆಯ ಬೆವರು ಕುಡಿದು ಕುಡಿದು ತಾಮ್ರ ಹಾಗಾಗಿತ್ತು. ಕೆರೆದ ಮೇಲೆ ಕೆಂಪಗೆ ಹೊಸ ಪೈಸೆಯ ಬಣ್ಣ ಬಂತು. ಇನ್ನು ರಾಳ. ಬೂಟ್ ಪಾಲಿಶಿನ ಹಳೆಯ ಡಬ್ಬಿಯಲ್ಲಿದ್ದ ರಾಳ ಕಲ್ಲಾಗಿತ್ತು. ಅಪ್ಪ ಹಾಸಿಗೆ ಹಿಡಿದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ.

ಸ್ಪಿರಿಟ್ ಬೇಕು ಎಂದಳು. ಅಂಗಡಿಯ ಶೀಶೆ ಖಾಲಿಯಾಗಿತ್ತು. ರಾಜರತ್ನ ಒಂದು ಗಳಿಗೆ ಯೋಚಿಸಿ ಒಳಗೆ ಹೋದ. ಅಪ್ಪನ ಬೆನ್ನ ಹುಣ್ಣು ಒರೆಸಲು ನರ್ಸು ಬಿಟ್ಟುಹೋಗಿದ್ದ ಸ್ಪಿರಿಟ್ಟಿನ ಬಾಟಲಿಯನ್ನು ಮಂಚದ ಕೆಳಗಿಂದ ತಂದು ಅಕ್ಕನ ಕೈಗೆ ಕೊಟ್ಟ. ಬೆಳಿಗ್ಗೆಯಿಂದ ಓಡಾಡಿ ಓಡಾಡಿ ಅಳಲು ಪುರುಸೊತ್ತಿಲ್ಲದವನು ಅಲ್ಲಿಯೇ ಗೋಡೆಗೆ ಹಣೆ ಹಚ್ಚಿ ಅತ್ತ. ಮೇಘಾ ಕೂಡ ಅತ್ತಳು. ಆಮೇಲೆ ಇಬ್ಬರೂ ಮೂಗು ಒರೆಸಿಕೊಂಡು ಕೆಲಸಕ್ಕೆ ಬಾಗಿದರು.

ಸ್ಪಿರಿಟ್ ಬಿದ್ದು, ಕಟ್ಟಿಗೆಯ ಚೂರೊಂದರಿಂದ ಕಲಸಿದ ಮೇಲೆ ರಾಳ ನಿಧಾನವಾಗಿ ಜೇನಿನ ಹಾಗಾಯಿತು. ಅದನ್ನು ತಾಮ್ರಕ್ಕೂ ತಂತಿಯ ತುದಿಗೂ ತೆಳುವಾಗಿ ಸವರಿದಳು. ಕಾದ ಕಡ್ಡಿಯ ಮೂತಿಯನ್ನು ಒದ್ದೆ ಬಟ್ಟೆಗೆ ಒರೆಸಿ ಬೆಳ್ಳಗೆ ಮಾಡಿಕೊಂಡಳು. ಮೊದಲು ತಂತಿಯ ತುದಿಗೊಂದು ಸೀಸದ ಲೇಪ. ಆಮೇಲೆ ತಂತಿಯನ್ನು ಅದರ ಜಾಗಕ್ಕೆ ಕೂಡಿಸಿ ಎರಡಕ್ಕೂ ಒಟ್ಟಿಗೆ ಕಾವು ಕೊಟ್ಟು, ಸೀಸವನ್ನು ಕಡ್ಡಿಗಲ್ಲ, ಕಾದ ತಾಮ್ರಕ್ಕೆ ಮುಟ್ಟಿಸಿದಳು. ರಾಳ ಚುರ್ ಎಂದಿತು. ಬಿಳಿ ಹೊಗೆಯ ಎಳೆ ಎದ್ದಿತು. ಸೀಸ ತಾನಾಗಿಯೇ ಹರಿದು ತಂತಿಯನ್ನು ಸುತ್ತಿ ಕೂತಿತು.

"ಅಳಗ್ಯಾಡಸಬ್ಯಾಡ," ಎಂದ ಅಲ್ಲಾಉದ್ದೀನ ಮುಂದೆ ಬಾಗಿ. ಅಲುಗಿಸುವವರು ಯಾರೂ ಇರಲಿಲ್ಲ.

ಹೊಗೆ ಕಿಟಕಿಯಿಂದ ಅಂಗಳಕ್ಕೂ, ಬಾಗಿಲಿನಿಂದ ಪಡಸಾಲೆಗೂ ಹೋಯಿತು. ಊದಿನಕಡ್ಡಿಯ ವಾಸನೆಯನ್ನು ಪಕ್ಕಕ್ಕೆ ಸರಿಸಿ ಆ ವಾಸನೆ ಮನೆಯನ್ನೆಲ್ಲ ತುಂಬಿತು. ಆ ಓಣಿಯವರೆಲ್ಲರಿಗೂ ಗೊತ್ತಿದ್ದ ವಾಸನೆ ಅದು. ಎಷ್ಟೋ ವರ್ಷ ಬೆಳಗಾದರೆ ಅದೇ ವಾಸನೆ, ಜೊತೆಗೆ ಸ್ಟೇಷನ್ ಹುಡುಕುವ ರೇಡಿಯೋದ ಕರಕರ. ಹಾಡಿ ಅಳುತ್ತಿದ್ದ ಬಬಲೇಶ್ವರದ ತಂಗಿ ಅರ್ಧಕ್ಕೆ ನಿಲ್ಲಿಸಿದಳು. ಅಂಗಳದಲ್ಲಿ ಕೂತಿದ್ದವರು ಒಬ್ಬೊಬ್ಬರೇ ಎದ್ದು ಅಂಗಡಿಯ ಕಿಟಕಿಯ ಕಡೆ ತಿರುಗಿದರು. ಹೊಸ್ತಿಲ ಮೇಲಿದ್ದ ಶಂಕ್ರೆಪ್ಪ ಮಾತ್ರ ತಿರುಗಲಿಲ್ಲ.

"ಧೂಳ್ಯಾ ಕೆಲಸಕ್ಕ ಕುಂತಂಗಾತಲ್ಲೋ," ಎಂದು ರುಮಾಲಿನಲ್ಲಿ ಮುಖ ಮುಚ್ಚಿಕೊಂಡ.

ರೇಣವ್ವನಿಗೆ ಅವನ ಮಾತು ಕೇಳಲಿಲ್ಲ. ಆದರೆ ಮೂಗು ಇತ್ತಲ್ಲ. ಅವಳು ಗೋಡೆಗೆ ಒರಗಿದ್ದ ಗಂಡನ ಮುಖವನ್ನೊಮ್ಮೆ, ಅಂಗಡಿಯ ಬಾಗಿಲನ್ನೊಮ್ಮೆ ನೋಡಿದಳು.

*

ಕಿವಿಯ ಡಬ್ಬಿ ರೇಣವ್ವನಿಗೆ ಸಿಕ್ಕಿದ್ದು ಒಂದು ಸರ್ಕಾರಿ ಕ್ಯಾಂಪಿನಲ್ಲಿ, ಕಿವುಡಾಗಿ ವರ್ಷಗಳೇ ಕಳೆದ ಮೇಲೆ. ಹಾಕಿಕೊಂಡ ಕೂಡಲೇ ಅವಳಿಗೆ ಮೊದಲು ಕೇಳಿದ್ದು ತನ್ನವೇ ಬಳೆ. ಆಮೇಲೆ ಗಂಡನ ಕೆಮ್ಮು. ಇಷ್ಟೊಂದು ಕೆಮ್ಮುತ್ತೀರಾ, ಯಾಕೆ ಹೇಳಲಿಲ್ಲ ಎಂದು ಅಲ್ಲಿಯೇ ಡಾಕ್ಟರ ಮುಂದೆ ಜಗಳ ತೆಗೆದಳು.

ಧೂಳಪ್ಪ ಆ ದಿನ ಅವಳನ್ನು ಸೀದಾ ಮನೆಗೆ ಕರೆತರಲಿಲ್ಲ. ಗೋಳಗುಮ್ಮಟಕ್ಕೆ ಕರೆದೊಯ್ದ. ಮೇಲಿನ ಸುತ್ತುಗಟ್ಟೆಯಲ್ಲಿ ಈ ಬದಿ ಅವಳನ್ನು ಕೂಡಿಸಿ, ತಾನು ಆ ಬದಿಗೆ ಹೋಗಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ. ಲೋಕದ ಗಂಡಂದಿರು ಅಲ್ಲಿ ಏನೇನೋ ಪಿಸುಗುಟ್ಟುತ್ತಾರೆ. ಇವನು ಹೇಳಿದ್ದು, ರೇಣಾ, ನಿನ್ನ ಬದನೀಕಾಯಿ ಪಲ್ಯಾ ಯಾವಾಗ್ಲೂ ಉಪ್ಪ ಆಗಿರ್ತೈತಿ, ಎಂದು. ವರ್ಷಗಟ್ಟಲೆ ಸನ್ನೆಯಲ್ಲಿ ಚಲೋ ಐತಿ ಎಂದು ತಿಂದವನು! ರೇಣವ್ವ ಎದ್ದು ನಿಂತು ಅಲ್ಲಿಂದಲೇ ಬೈದಳು. ಗುಮ್ಮಟ ಅವಳ ಬೈಗುಳವನ್ನು ಮತ್ತೆ ಮತ್ತೆ ಹೇಳಿತು. ನೋಡಲು ಬಂದಿದ್ದ ಪರವೂರಿನವರೆಲ್ಲ ನಕ್ಕರು. ಇಬ್ಬರೂ ನಗುತ್ತ ಮೆಟ್ಟಿಲಿಳಿದು, ಹೊರಗಿನ ಹುಲ್ಲಿನ ಮೇಲೆ ಕೂತು ಕತ್ತಲಾಗುವ ತನಕ ಮಾತಾಡಿದರು.

*

ಮೇಘಾ ಡಬ್ಬಿ ಮುಚ್ಚಿ ತಂದು ಅವ್ವನ ಕುಪ್ಪಸಕ್ಕೆ ಸಿಗಿಸಿದಳು. ರೇಣವ್ವ ಕಿವಿಗೆ ಹಾಕಿಕೊಂಡಳು. ತುಸು ಹೊತ್ತು ಮುಖದಲ್ಲಿ ಏನೂ ಕಾಣಲಿಲ್ಲ. ಅವಳಿಗೆ ಕೇಳುತ್ತದೋ ಇಲ್ಲವೋ ಎಂದು ಪಡಸಾಲೆಯವರೆಲ್ಲ ಉಸಿರು ಬಿಗಿಹಿಡಿದು ಮೌನವಾಗಿಬಿಟ್ಟಿದ್ದರು. ಕೇಳಲು ಅಲ್ಲಿ ಏನಿತ್ತು?

"ಯಾಕ ಎಲ್ಲಾರೂ ಗಪ್ಪಾದ್ರಿ?" ಎಂದಳು ರೇಣವ್ವ. "ಮಾತಾಡ್ರಿ. ಮುಂಜಾನಿಂದ ಬಾಯಿ ಅಳಗ್ಯಾಡಸಾಕತ್ತೀರಿ. ನನ್ನ ಗಂಡನ ಸುದ್ದಿ ನನಗೂ ಹೇಳ್ರಿ."

ಎಲ್ಲರಿಗೂ ಒಂದು ಥರ ನಾಚಿಕೆಯಾಯಿತು. ಆಮೇಲೆ ಅಲ್ಲಾಉದ್ದೀನ ಅವಳ ಮುಂದೆ ಕೂತು ಶುರುಮಾಡಿದ. ಧೂಳಪ್ಪ ತಿದಿ ಒತ್ತುತ್ತ ನಿದ್ದೆ ಮಾಡಿ ಮೀಸೆ ಸುಟ್ಟುಕೊಂಡದ್ದು, ಚುನಾವಣೆಯ ದಿನ ಮೈಕಿನೊಳಗೆ ಇಲಿ ಸಿಕ್ಕದ್ದು. ಶಂಕ್ರೆಪ್ಪ ಟಿಕೋಟಾದ ಸುದ್ದಿ ಹೇಳಿದ. ಎದುರು ಮನೆಯವಳು, ತನ್ನ ಟೀವಿಯನ್ನು ಧೂಳಪ್ಪ ಹಬ್ಬದ ದಿನ ಊಟ ಬಿಟ್ಟು ಬಂದು ರಿಪೇರಿ ಮಾಡಿಕೊಟ್ಟದ್ದು ಹೇಳಿ ಅತ್ತಳು. ರೇಣವ್ವ ಒಂದೊಂದು ಮಾತಿಗೂ ತಲೆ ಹಾಕುತ್ತ, ತಪ್ಪು ಹೇಳಿದಲ್ಲಿ ತಿದ್ದುತ್ತ ಕೂತಿದ್ದಳು. ತಂಗಿ ಮತ್ತೆ ಹಾಡಿ ಅಳತೊಡಗಿ, ಊರ ಮಂದಿಯ ಗಡಿಯಾರ ನಡೆಸಿದ್ಯೋ ನನ್ನ ಮಾಮಾ ಎಂದಾಗ ಅವಳ ಕೈ ಹಿಡಿದು ತಡೆದಳು.

"ಗಡಿಯಾರ ಅವರಿಗೆ ಬರ್ತಿದ್ದಿಲ್ಲ. ರೇಡಿಯೋ ಅನ್ನು."

ತಂಗಿ ರೇಡಿಯೋ ಎಂದು ಹಾಡಿದಳು. ಆಗ ರೇಣವ್ವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಬೆಳಿಗ್ಗೆ ಕಿವಿಯಿಲ್ಲದೆ ಅತ್ತ ಅಳುವಿಗಿಂತ ಇದು ಮೆತ್ತಗಿತ್ತು. ಎತ್ತೋಣ ಎಂದು ಶಂಕ್ರೆಪ್ಪ ಕೂಡ ಹೇಳಲಿಲ್ಲ. ಕೊನೆಗೆ ರೇಣವ್ವನೇ ಹೊತ್ತು ನೋಡಿ, ಇನ್ನು ಒಯ್ಯಿರಿ ಎಂದಳು.

ಎತ್ತಿದರು. ಭಜನೆಯವರು ಮುಂದಾದರು. ದಪ್ಪು, ತಾಳ, ಹಾರ್ಮೋನಿಯಂ ಎಲ್ಲ ಒಮ್ಮೆಲೇ ಎದ್ದವು. ಆ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವ ರೂಢಿ ಇಲ್ಲ. ರೇಣವ್ವ ಬಾಗಿಲಲ್ಲಿ ನಿಂತಳು. ಮೆರವಣಿಗೆ ಗಲ್ಲಿ ದಾಟಿ ಸ್ಟೇಷನ್ ರಸ್ತೆಗೆ ಹೊರಳಿ, ಭೂತನಾಳದ ಕಡೆಗೆ ಸಾಗಿ ಮರೆಯಾಯಿತು. ಭಜನೆಯ ದನಿ ಕ್ಷೀಣಿಸುತ್ತ ಹೋಗಿ, ಆಟೋಗಳ ಗದ್ದಲದಲ್ಲಿ ಸೇರಿಹೋಯಿತು.

ಹೆಣ ಎದ್ದ ಮನೆಯ ಹೊಸ್ತಿಲಿಗೆ ನೀರು ಹಾಕಬೇಕು. ತಂಗಿ ತುಂಬಿದ ಕೊಡ ಎತ್ತಿಕೊಂಡು ಹಿಂದೆ ಬಂದು ನಿಂತಳು. ಹೋದರು, ಇನ್ನು ಒಳಗೆ ಬಾ ಅಕ್ಕಾ ಎಂದಳು. ರೇಣವ್ವ ಸರಿಯಲಿಲ್ಲ. ಅವಳ ಹೆಬ್ಬೆರಳು ಎದೆಯ ಡಬ್ಬಿಯ ಅಂಚಿನಲ್ಲಿದ್ದ, ದನಿ ಹೆಚ್ಚಿಸುವ ಸಣ್ಣ ಗಾಲಿಯನ್ನು ಮೇಲಕ್ಕೆ ತಿರುಗಿಸುತ್ತಿತ್ತು, ಇನ್ನಷ್ಟು, ಇನ್ನಷ್ಟು. ಮೇಘಾ ಕಿವಿಗೊಟ್ಟು ಆಲಿಸಿದಳು. ಅವಳಿಗೆ ಆಟೋಗಳ ಹೊರತು ಏನೂ ಕೇಳಲಿಲ್ಲ.

"ಅವ್ವಾ," ಎಂದಳು.

ರೇಣವ್ವ ಇನ್ನೊಂದು ಕೈ ಎತ್ತಿ ಎಲ್ಲರನ್ನೂ ತಡೆದಳು.

"ಸುಮ್ನಿರ್ರಿ. ಅವರು ಇನ್ನಾ ಕೇಳಸಾಕತ್ತಾರ."

ಗಾಲಿ ಕೊನೆಗೆ ಹೋಗಿ ನಿಂತಿತ್ತು. ಹೆಬ್ಬೆರಳು ಅದನ್ನು ಒತ್ತಿಯೇ ಇತ್ತು. ತಂಗಿ ತುಂಬಿದ ಕೊಡ ಕೆಳಗಿಡದೆ ಹಾಗೇ ನಿಂತಳು.